ಚರ್ಚ್ ಹಿಂದಿನ 25 ಸೆಂಟ್ಸ್ ಜಾಗ: ಮೊದಲು ಹಬ್ಬದ ಕ್ಯಾಲೆಂಡರ್ ನೋಡಿ, ಆಮೇಲೆ ಬೀಜ ಹಾಕಿ

ಪ್ರಶ್ನೆ: ನಮ್ಮದು ಉಡುಪಿ ಕಡೆಯ ಹಳ್ಳಿ ಚರ್ಚ್, ಸುಮಾರು 300 ಮನೆ. ಚರ್ಚ್ ಹಿಂದೆ ಸಿಮೆಟ್ರಿವರೆಗೆ 25 ಸೆಂಟ್ಸ್ ಜಾಗ ಖಾಲಿ ಬಿದ್ದಿದೆ. ಪಾಲನಾ ಮಂಡಳಿಯಲ್ಲಿ ಕೆಲವರು ಲಾನ್ ಮತ್ತು ಫೌಂಟೇನ್ ಮಾಡುವ ಅಂತಾರೆ, ಕೆಲವರು ಪೂರ್ತಿ ಇಂಟರ್‌ಲಾಕ್ ಹಾಕಿ ಪಾರ್ಕಿಂಗ್ ಮಾಡುವ ಅಂತಾರೆ, ಯುವಜನರು ತರಕಾರಿ ಬೆಳೆಸುವ ಅಂತಾರೆ. ಹಿಂದೆ ಒಮ್ಮೆ ಮಾಡಿದ ಗಾರ್ಡನ್ ಎರಡೇ ವರ್ಷದಲ್ಲಿ ಒಣಗಿ ಹೋಗಿತ್ತು. ಈ ಸಲ ನಿಲ್ಲುವ ಹಾಗೆ ಮಾಡ್ಬೇಕಾದ್ರೆ ಏನು ಮಾಡ್ಬೇಕು?

ಉತ್ತರ: ನಿಮ್ಮ ಪ್ರಶ್ನೆಯ ಕೊನೆಯ ಸಾಲಿಂದಲೇ ಶುರು ಮಾಡ್ತೇನೆ ಯಾಕಂದ್ರೆ ಉಳಿದ ಎಲ್ಲಾ ಅಲ್ಲೇ ಉಂಟು. ನಮ್ಮ ಕರಾವಳಿಯಲ್ಲಿ ಚರ್ಚ್ ಗಾರ್ಡನ್ ಒಣಗುದು ಮಣ್ಣು ಸರಿ ಇಲ್ಲ ಅಂತ ಅಲ್ಲ, ಗಿಡ ಒಳ್ಳೇದಲ್ಲ ಅಂತಲೂ ಅಲ್ಲ. ಜೂನ್-ಜುಲೈಯಲ್ಲಿ ವನಮಹೋತ್ಸವ ಅಂತ ಫಾದರ್, ಶಾಲೆ ಮಕ್ಕಳು, ಯುವಜನರು ಎಲ್ಲಾ ಸೇರಿ ನೆಡ್ತಾರೆ, ಮಳೆಗೆ ಎಲ್ಲಾ ಚಿಗುರ್ತದೆ, ಫೋಟೋ ಚೆಂದ ಬರ್ತದೆ. ಉಡುಪಿಯಲ್ಲಿ ವರ್ಷಕ್ಕೆ ಸುಮಾರು 4,000 ಮಿಮೀ ಮಳೆ, ಆದ್ರೆ ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗೀತದೆ, ಡಿಸೆಂಬರ್ ಆದ್ಮೇಲೆ ಆಕಾಶ ಪೂರ್ತಿ ಬಂದ್. ಏಪ್ರಿಲ್ ಬಿಸಿಲಿಗೆ ಆ ಗಿಡಕ್ಕೆ ನೀರು ಹಾಕ್ಲಿಕ್ಕೆ ಯಾರೂ ಬರುದಿಲ್ಲ, ಯಾಕಂದ್ರೆ ಆ ಗಿಡದಿಂದ ಯಾರಿಗೂ ಏನೂ ಆಗ್ಬೇಕಾದ್ದಿಲ್ಲ, ನೋಡ್ಲಿಕ್ಕೆ ಮಾತ್ರ ಇಟ್ಟದ್ದು. ಹಾಗಾಗಿ ನನ್ನ ಸಲಹೆ ಒಂದೇ. ಚರ್ಚಿಗೆ ವರ್ಷದಲ್ಲಿ ಯಾವಾಗ ಯಾವ ಹೂವು, ಯಾವ ಸೊಪ್ಪು, ಯಾವ ಗರಿ ಬೇಕು ಅಂತ ಪಟ್ಟಿ ಮಾಡಿ, ಅಲ್ಲಿಂದ ಹಿಂದೆ ದಿನ ಲೆಕ್ಕ ಹಾಕಿ ಬೀಜ ಹಾಕಿ. ಪೂಜೆಗೆ, ಹಬ್ಬಕ್ಕೆ, ಊಟಕ್ಕೆ ಬೇಕಾದ್ದು ಆ ತೋಟದಿಂದಲೇ ಬರ್ತದೆ ಅಂತಾದ್ರೆ ನೀರು ಹಾಕುವ ಕೈ ತನ್ನಿಂದ ತಾನೇ ಹುಟ್ತದೆ.

ಲಾನ್ ಬೇಡ. ಕಾರಣ ಹೇಳ್ತೇನೆ, ಮಂಡಳಿಯಲ್ಲಿ ಹೇಳ್ಲಿಕ್ಕೆ ಉಪಯೋಗ ಆದೀತು. 25 ಸೆಂಟ್ಸ್ ಅಂದ್ರೆ ಸುಮಾರು 1,000 ಚದರ ಮೀಟರ್. ಬೇಸಿಗೆಯಲ್ಲಿ ಹುಲ್ಲು ಹಸಿರಾಗಿ ಇರ್ಬೇಕಾದ್ರೆ ಚದರ ಮೀಟರಿಗೆ ದಿನಕ್ಕೆ 4-5 ಲೀಟರ್ ನೀರು ಬೇಕು, ಅಂದ್ರೆ ದಿನಾ 4,000ದಿಂದ 5,000 ಲೀಟರ್, ಅದೂ ಊರಿನ ಬಾವಿ ಎಲ್ಲಾ ತಳ ಕಾಣುವ ತಿಂಗಳುಗಳಲ್ಲಿ. ಮಳೆಗಾಲದಲ್ಲಿ ಅದೇ ಲಾನ್ ಪಾಚಿ ಕಟ್ಟಿ ಜಾರ್ತದೆ. ಪೂರ್ತಿ ಇಂಟರ್‌ಲಾಕ್ ಕೂಡ ಬೇಡ. ಅಷ್ಟು ಜಾಗದ ಮೇಲೆ ವರ್ಷಕ್ಕೆ ಬೀಳುವ ಮಳೆ ಹೆಚ್ಚು ಕಮ್ಮಿ 40 ಲಕ್ಷ ಲೀಟರ್, ಅದನ್ನು ಮಣ್ಣಿಗೆ ಇಳಿಯಲಿಕ್ಕೆ ಬಿಡದೆ ರಸ್ತೆಗೆ ಓಡಿಸಿದ್ರೆ ನಿಮ್ಮ ಚರ್ಚಿನ ಬಾವಿಗೇ ನಷ್ಟ. ಅದಲ್ಲದೆ ಮಧ್ಯಾಹ್ನ ಮದುವೆ ಪೂಜೆ ಮುಗಿಸಿ ಹೊರಗೆ ಬಂದವರಿಗೆ ಆ ಕೆಂಪು ಕಲ್ಲಿನ ಕಾವು ಹೇಗೆ ಹೊಡೀತದೆ ಅಂತ ನಿಮಗೇ ಗೊತ್ತುಂಟು. ಪಾರ್ಕಿಂಗ್ ಬೇಕೇ ಬೇಕಾದ್ರೆ ಮುಂದಿನ 5 ಸೆಂಟ್ಸ್ ಬಿಟ್ಟುಕೊಡಿ, ಅಲ್ಲಿ ಕಲ್ಲಿನ ಮಧ್ಯೆ ಹುಲ್ಲು ಬರುವ ಹಾಗೆ ಸಂದು ಬಿಟ್ಟು ಹಾಕಿ, ನಡುವೆ ನಡುವೆ ನೆರಳಿನ ಮರ ನೆಡಿ.

ಈಗ ಕ್ಯಾಲೆಂಡರ್. ನಮ್ಮಲ್ಲಿ ಚರ್ಚ್ ತೋಟದ ವರ್ಷ ಜನವರಿಗೆ ಶುರು ಆಗುದಿಲ್ಲ, ಮೊಂತಿ ಹಬ್ಬದಿಂದ, ಅಂದ್ರೆ ಮರಿಯಮ್ಮನವರ ಹುಟ್ಟುಹಬ್ಬದಿಂದ ಶುರು ಆಗುದು. 1763ರಲ್ಲಿ ಫರಂಗಿಪೇಟೆಯ ಮೊಂತೆ ಮರಿಯಾನೊ ಚರ್ಚಿನಲ್ಲಿ ಫಾದರ್ ಜೋಕಿಂ ಮಿರಾಂದ ಶುರು ಮಾಡಿದ್ದು ಅಂತ ಹೇಳುವ ಈ ಹಬ್ಬಕ್ಕೆ ಆಗಸ್ಟ್ 30ರಿಂದ 9 ದಿನ ನೊವೆನಾ ಅನ್ನುವ ಪ್ರಾರ್ಥನೆ, ದಿನಾ ಮಕ್ಕಳು ಬುಟ್ಟಿಯಲ್ಲಿ ಹೂವು ತಂದು ಬಾಲ ಮರಿಯಮ್ಮನವರಿಗೆ ಹಾಕ್ತಾರೆ, ಸೆಪ್ಟೆಂಬರ್ 8ಕ್ಕೆ ಹೊಸ ತೆನೆ ಆಶೀರ್ವಾದ. ಮೊದಲು ಈ ಹೂವು ಅಂದ್ರೆ ಬೇಲಿಯ ದಾಸವಾಳ, ಗುಡ್ಡೆಯ ಕೇಪಳ, ಅಂಗಳದ ಗೌರಿ ಹೂ, ಶಂಖಪುಷ್ಪ, ರತ್ನಗಂಧಿ. ಮಕ್ಕಳು ಬೆಳಿಗ್ಗೆ ಬೇಗ ಎದ್ದು ನೆರೆಮನೆಯ ಬೇಲಿಯಿಂದೆಲ್ಲಾ ಕೊಯ್ದು ತರ್ತಿದ್ರು. ಈಗ ತುಂಬಾ ಕಡೆ ಘಟ್ಟದ ಮೇಲಿಂದ ಬಂದ ಸೇವಂತಿಗೆಯನ್ನು ಪೇಟೆಯಲ್ಲಿ ತಗೊಂಡು ಪ್ಲಾಸ್ಟಿಕ್ ತೊಟ್ಟೆಯಲ್ಲೇ ತರ್ತಾರೆ. ಮನೆಗಳಿಗೆ ಅಂಗಳ ಇಲ್ಲ, ಬೇಲಿ ಹೋಗಿ ಕಾಂಪೌಂಡ್ ಬಂತು, ಮಕ್ಕಳ ತಪ್ಪಲ್ಲ. ಹಾಗಾದ್ರೆ ಆ ಹೂವಿನ ಬೇಲಿ ಚರ್ಚಿನಲ್ಲೇ ಇರ್ಲಿ ಅಂತ ನಾನು ಹೇಳುದು.

ಸಿಮೆಟ್ರಿ ಬದಿ ಬಿಟ್ಟು ಉಳಿದ ಮೂರು ಬದಿಗೆ ದಾಸವಾಳ, ಕೇಪಳ, ನಂದಿಬಟ್ಟಲು, ರತ್ನಗಂಧಿ ಇವನ್ನು ಸಾಲಾಗಿ ನೆಡಿ. ಎಲ್ಲಾ ಗೆಲ್ಲು ನೆಟ್ರೆ ಅಥವಾ ಬೀಜ ಹಾಕಿದ್ರೆ ಬರುವಂಥದ್ದು, ಊರಲ್ಲೇ ಸಿಗ್ತದೆ, ದುಡ್ಡು ಕೊಡ್ಬೇಕಂತಿಲ್ಲ. ಒಂದೆರಡು ಬೇಸಿಗೆ ದಾಟಿದ್ರೆ ಮತ್ತೆ ಹೆಚ್ಚು ನೀರು ಕೇಳುದಿಲ್ಲ. ಒಳಗಿನ ಸಾಲಿಗೆ ಗೌರಿ ಹೂ ಮತ್ತು ಗೊಂಡೆ (ಚೆಂಡುಹೂ). ಎರಡಕ್ಕೂ ಬೀಜ ಹಾಕಿದಲ್ಲಿಂದ ಹೂವು ಬರುವವರೆಗೆ ಸುಮಾರು 60-70 ದಿನ ಬೇಕು, ಅಂದ್ರೆ ಆಗಸ್ಟ್ 30ಕ್ಕೆ ಹೂವು ಬೇಕಾದ್ರೆ ಜೂನ್ 15ರಿಂದ 20ರ ಒಳಗೆ ಬೀಜ ಬೀಳ್ಬೇಕು. ಆದ್ರೆ ಆ ಹೊತ್ತಿಗೆ ನಮ್ಮಲ್ಲಿ ಮಳೆ ಹೇಗಿರ್ತದೆ ಅಂದ್ರೆ ಬೀಜವೂ ಕೊಚ್ಚಿ ಹೋಗ್ತದೆ ಸಸಿಯೂ ಕೊಳೀತದೆ, ಹಾಗಾಗಿ ಚರ್ಚ್ ಹಾಲಿನ ಮಾಡಿನ ಕೆಳಗೆ, ಬೆಳಕು ಬೀಳುವಲ್ಲಿ, ಟ್ರೇಯಲ್ಲೋ ಹಳೇ ಬಾಲ್ದಿಯಲ್ಲೋ ಸಸಿ ಮಾಡಿ, 3-4 ವಾರದ ಸಸಿಯನ್ನು ಒಂದು ಅಡಿ ಎತ್ತರದ ಏರು ಮಡಿಯಲ್ಲಿ ನೆಡಿ. ಉದ್ದ ಬೆಳೆಯುವ ದೊಡ್ಡ ಗೊಂಡೆ ಮಳೆಗೆ ಅಡ್ಡ ಬೀಳ್ತದೆ, ಗಿಡ್ಡ ಜಾತಿಯದ್ದೇ ತಗೊಳ್ಳಿ. ಗೌರಿ ಹೂವಿನ ಕಾಯಿ ಬಲಿತ ಮೇಲೆ ಮುಟ್ಟಿದ್ರೆ ಸಾಕು ಪಟ್ ಅಂತ ಒಡೆದು ಬೀಜ ಹಾರ್ತದೆ. ಕ್ಯಾಟೆಕಿಸಂ (ಧರ್ಮಶಿಕ್ಷಣ) ಕ್ಲಾಸಿನ ಮಕ್ಕಳಿಗೆ ಆ ಬೀಜ ಒಟ್ಟು ಮಾಡುವ ಕೆಲಸ ಕೊಡಿ, ಒಮ್ಮೆ ಕೊಟ್ರೆ ನೀವು ನಿಲ್ಸಿ ಅಂದ್ರೂ ನಿಲ್ಸುದಿಲ್ಲ, ಮುಂದಿನ ವರ್ಷದ ಬೀಜ ಖರ್ಚಿಲ್ಲದೆ ಆಯ್ತು.

ತೆನೆಯ ವಿಷಯ ಇನ್ನೂ ಚೆಂದ ಉಂಟು. ಗದ್ದೆ ಬೇಸಾಯ ಇಲ್ಲದೆ ಹಡಿಲು ಬಿದ್ದು ಬಿದ್ದು ಈಗ ಎಷ್ಟೋ ಚರ್ಚಿಗೆ ಹಬ್ಬದ ತೆನೆ ಹುಡುಕುದೇ ಒಂದು ಕೆಲಸ ಆಗಿದೆ. 300 ಮನೆಗೆ ಮನೆಗೆ 5 ತೆನೆ ಅಂತ ಹಿಡಿದ್ರೆ 1,500 ತೆನೆ. ಸಾಧಾರಣ ಭತ್ತದಲ್ಲಿ ಒಂದು ಚದರ ಮೀಟರಿಗೆ 200ರಿಂದ 300 ತೆನೆ ಬರ್ತದೆ, ಅಂದ್ರೆ ಅರ್ಧ ಸೆಂಟ್ಸ್ ಜಾಗ ಸಾಕು, ಹಕ್ಕಿ ತಿಂದು ಮಳೆಗೆ ಬಿದ್ದು ಹೋದ ಮೇಲೂ ಧಾರಾಳ ಉಳೀತದೆ! ಜಾಗ ಎತ್ತರದಲ್ಲಿದ್ರೆ ಒಂದು ಅಡಿ ತಗ್ಗು ಮಾಡಿ, ತಳಕ್ಕೆ ದಪ್ಪ ಟಾರ್ಪಾಲ್ ಹಾಸಿ, ಮೇಲೆ ಗದ್ದೆ ಮಣ್ಣು ಹಟ್ಟಿಗೊಬ್ಬರ ಹಾಕಿ ಬದು ಕಟ್ಟಿ, ಮಳೆ ನೀರೇ ನಿಲ್ತದೆ, ಹೆಚ್ಚಾದದ್ದು ಹೋಗ್ಲಿಕ್ಕೆ ಒಂದು ಪೈಪ್ ಇಡಿ. ನಮ್ಮಲ್ಲಿ ಜಾಸ್ತಿ ಇರುವ ಎಂಒ 4 ತಳಿ ಕೊಯ್ಲಿಗೆ ಬರ್ಲಿಕ್ಕೆ ನಾಲ್ಕು ತಿಂಗಳ ಮೇಲೆ ಬೇಕು, ಕೊಯ್ಲಿಗೆ ಒಂದು ತಿಂಗಳು ಮೊದಲು ತೆನೆ ಹೊರಗೆ ಬರ್ತದೆ. ಹಬ್ಬಕ್ಕೆ ಪೂರ್ತಿ ಬಲಿತದ್ದೇ ಆಗ್ಬೇಕಂತಿಲ್ಲ, ಹಾಲು ಗಟ್ಟಿಯಾಗಿ ತುದಿ ಸ್ವಲ್ಪ ಬಗ್ಗಿದ್ರೆ ಆಯ್ತು, ಅದಕ್ಕೆ ಮೇ ಮೂರನೇ ವಾರದ ಒಳಗೆ ನೇಜಿಗೆ (ಭತ್ತದ ಸಸಿಗೆ) ಬೀಜ ಹಾಕಿ. ಜೂನ್ ಬರ್ಲಿ ಅಂತ ಕಾದ್ರೆ ಸೆಪ್ಟೆಂಬರ್ 8ಕ್ಕೆ ನಿಮ್ಮ ಕೈಯಲ್ಲಿ ಬರೀ ಹುಲ್ಲು ಇರ್ತದೆ. ಬೀಜದಿಂದ ತೆನೆವರೆಗೆ ಒಂದು ಭತ್ತದ ಗಿಡವನ್ನು ವಾರ ವಾರ ಪೂಜೆ ಮುಗಿಸಿ ಬರುವಾಗ ನೋಡಿದ ಮಗುವಿಗೆ ಹಬ್ಬದ ದಿನ ಪಾಯಸದಲ್ಲಿ ಹಾಕುವ ಹೊಸ ತೆನೆಯ ನಾಲ್ಕು ಕಾಳು ಎಲ್ಲಿಂದ ಬಂತು ಅಂತ ಯಾರೂ ಹೇಳಿ ಕೊಡ್ಬೇಕಂತಿಲ್ಲ.

ಹಬ್ಬದ ದಿನದ ಊಟ ಹೇಗೂ ಸಸ್ಯಾಹಾರ, ಬಾಳೆ ಎಲೆಯಲ್ಲಿ, ಪಲ್ಯ ಗಸಿ ಎಲ್ಲಾ ಬೆಸ ಸಂಖ್ಯೆಯಲ್ಲಿ. ಯುವಜನರು ಕೇಳಿದ ತರಕಾರಿಗೆ ಇದೇ ಸರಿಯಾದ ಜಾಗ. ಜೂನ್ ಮೊದಲ ವಾರ ಚಪ್ಪರಕ್ಕೆ ಹೀರೆ, ಹಾಗಲ, ಮುಳ್ಳುಸೌತೆ ಹಾಕಿ, ಜೂನ್ ಮಧ್ಯಕ್ಕೆ ಏರು ಮಡಿಯಲ್ಲಿ ಬೆಂಡೆ ಹಾಕಿ, ನೀರು ಜಾಸ್ತಿ ನಿಲ್ಲುವ ಮೂಲೆಗೆ ಕೆಸುವು. ಬಸಳೆ, ಹರಿವೆ, ಅಲಸಂಡೆಗೆ ಅಕ್ಟೋಬರ್ ಮೇಲೆ ಒಳ್ಳೇದು, ಮಳೆಗೆ ಎಲೆಚುಕ್ಕೆ ಬಂದು ಹಾಳಾಗ್ತದೆ. ಹರಿವೆ 30-40 ದಿನಕ್ಕೆ ಕೊಯ್ಲಿಗೆ ಬರ್ತದೆ, ಹೊಸದಾಗಿ ಶುರು ಮಾಡುವವರಿಗೆ ಇಷ್ಟು ಬೇಗ ಖುಷಿ ಕೊಡುವ ಬೆಳೆ ಬೇರೆ ಇಲ್ಲ. ಆದ್ರೆ ತರಕಾರಿಗೆ 5 ಸೆಂಟ್ಸಿಗಿಂತ ಜಾಸ್ತಿ ಬೇಡ. ಬೇಸಿಗೆಯಲ್ಲಿ ಅಷ್ಟಕ್ಕೇ ದಿನಕ್ಕೆ 800-1,000 ಲೀಟರ್ ನೀರು ಬೇಕು, ಅದರ ಮೇಲೆ ಹೋದ್ರೆ ಕೈ ಸೋಲ್ತದೆ. ನವಿಲಿನ ಕಾಟ ನಿಮ್ಮ ಕಡೆ ಉಂಟಾದ್ರೆ ಬಲೆ ಇಲ್ಲದೆ ಸಸಿ ಇಡ್ಲೇಬೇಡಿ.

ಮೊಂತಿ ಮುಗಿದ ಮೇಲೆ ನವೆಂಬರ್ 2, ಮೃತರ ದಿನ. ಆ ದಿನ ಸಮಾಧಿಗೆ ಇಡ್ಲಿಕ್ಕೆ ಗೊಂಡೆಯ ಎರಡನೇ ಬೆಳೆ, ಆಗಸ್ಟ್ 20ರ ಸುಮಾರಿಗೆ ಸಸಿ ಮಾಡಿದ್ರೆ ಸರಿಯಾಗ್ತದೆ. ನಿಮ್ಮ ವಾರ್ಷಿಕ ಹಬ್ಬ ಯಾವಾಗ ಅಂತ ಬರ್ದಿಲ್ಲ ನೀವು, ಅದಕ್ಕೂ ಇದೇ 65-70 ದಿನದ ಲೆಕ್ಕ ಹಾಕಿಕೊಳ್ಳಿ.

ಕ್ರಿಸ್ಮಸ್‌ಗೆ ಕೆಂಪು ಎಲೆಯ ಪಾಯಿನ್‌ಸೆಟಿಯಾ ಎಲ್ಲರಿಗೂ ಬೇಕು, ಡಿಸೆಂಬರ್‌ನಲ್ಲಿ ಚಟ್ಟಿಯದ್ದು ತಂದು ಜನವರಿಗೆ ಬಿಸಾಡ್ತಾರೆ. ಇದು ಮೆಕ್ಸಿಕೋದ ಗಿಡ, ಅಲ್ಲಿಯ ಫ್ರಾನ್ಸಿಸ್ಕನ್ ಸನ್ಯಾಸಿಗಳು 17ನೇ ಶತಮಾನದಲ್ಲೇ ಕ್ರಿಸ್ಮಸ್‌ಗೆ ಬಳಸ್ಲಿಕ್ಕೆ ಶುರು ಮಾಡಿದ್ದು. ನೆಲದಲ್ಲಿ ನೆಟ್ರೆ ಪೊದೆಯಾಗಿ ವರ್ಷಾನುಗಟ್ಟಲೆ ಇರ್ತದೆ. ಕೆಲವರು ಕೇಳ್ತಾರೆ, ನಮ್ಮದು ಹಸಿರೇ ಇರ್ತದೆ, ಕೆಂಪು ಬರುದೇ ಇಲ್ಲ ಯಾಕೆ ಅಂತ. ಹೆಚ್ಚಿನ ಸಲ ಕಾರಣ ಗ್ರೊಟ್ಟೊದ (ಮಾತೆಯ ಗುಹೆಯ) ಫೋಕಸ್ ಲೈಟ್! ಈ ಗಿಡಕ್ಕೆ ಅಕ್ಟೋಬರ್‌ನಿಂದ ಎರಡು ತಿಂಗಳು ರಾತ್ರಿ ಪೂರ್ತಿ ಕತ್ತಲೆ ಬೇಕು, ದಿನಾ 12 ಗಂಟೆಗಿಂತ ಹೆಚ್ಚು, ನಡುವೆ ಬೆಳಕು ಬಿದ್ರೆ ಅದಕ್ಕೆ ರಾತ್ರಿ ಆಯ್ತು ಅಂತಲೇ ಗೊತ್ತಾಗುದಿಲ್ಲ. ಒಂದೇ ಪೊದೆಯಲ್ಲಿ ಲೈಟ್ ಬೀಳುವ ಬದಿ ಹಸಿರು, ಹಿಂದಿನ ಬದಿ ಕೆಂಪು ಆಗಿರುದನ್ನು ಹತ್ತಿರ ಹೋಗಿ ನೋಡಿದ್ರೆ ಕಾಣ್ತದೆ. ಹಾಗಾಗಿ ಗ್ರೊಟ್ಟೊ, ಬೀದಿ ದೀಪ, ಹಾಲಿನ ಹೊರಗಿನ ಲೈಟ್ ಯಾವುದೂ ತಾಗದ ಗೋಡೆಯ ಮರೆಯಲ್ಲಿ ನೆಡಿ, ಆಗಸ್ಟ್ ಕೊನೆಗೆ ಕುಡಿ ಚಿವುಟಿ, ಆಮೇಲೆ ಕತ್ತರಿ ಹಾಕ್ಬೇಡಿ. ಅದರ ಹಾಲು ಕಣ್ಣಿಗೆ ಚರ್ಮಕ್ಕೆ ಉರಿ, ಮಕ್ಕಳ ಕೈಯಲ್ಲಿ ಕೊಯ್ಸಬೇಡಿ.

ಈಸ್ಟರಿಗೆ ಮೊದಲಿನ ತಪಸ್ಸುಕಾಲ ಬಂದ್ರೆ ತೋಟಕ್ಕೂ ರೆಸ್ಟ್. ಇದು ನನಗೆ ತುಂಬಾ ಇಷ್ಟದ ವಿಷಯ. ಧರ್ಮಸಭೆಯ ಪೂಜಾವಿಧಿಯ ನಿಯಮದಲ್ಲೇ ಉಂಟು, ತಪಸ್ಸುಕಾಲದಲ್ಲಿ ಪೀಠಕ್ಕೆ ಹೂವಿನ ಅಲಂಕಾರ ಇಲ್ಲ, ನಾಲ್ಕನೇ ಭಾನುವಾರ ಮತ್ತು ಮಹೋತ್ಸವ, ಹಬ್ಬದ ದಿನಗಳನ್ನು ಬಿಟ್ಟು. ನಮ್ಮಲ್ಲಿ ಅದು ಫೆಬ್ರವರಿ-ಮಾರ್ಚ್-ಏಪ್ರಿಲ್, ಬಾವಿ ನೀರು ಇಳಿಯುವ ಹೊತ್ತು. ಅಂದ್ರೆ ನೀರು ಕಡಿಮೆ ಆಗುವಾಗ ಹೂವಿನ ಬೇಡಿಕೆಯೂ ಕಡಿಮೆ ಆಗ್ತದೆ, ಇಷ್ಟು ಸರಿಯಾಗಿ ಹೊಂದುದನ್ನು ಬಿಟ್ಟು ಲಾನಿಗೆ ನೀರು ಹಾಕ್ತಾ ಕೂರುದು ಯಾಕೆ. ಆ ಹೊತ್ತಿಗೆ ಗೊಂಡೆ ಮಡಿ ಎಲ್ಲಾ ಕಿತ್ತು, ತರಗೆಲೆ ದಪ್ಪಕ್ಕೆ ಮುಚ್ಚಿ ಬಿಡಿ. ನೀರು ಬಸಳೆ ಚಪ್ಪರಕ್ಕೆ, ಸಣ್ಣ ಮರಗಳಿಗೆ, ಮಲ್ಲಿಗೆಗೆ ಮಾತ್ರ.

ಮಲ್ಲಿಗೆ ಯಾಕೆ ಅಂದ್ರೆ ಈಸ್ಟರಿಗೆ. ನಮ್ಮ ಉಡುಪಿ ಮಲ್ಲಿಗೆ ಬಿಸಿಲಿನ ಗಿಡ, ಮಾರ್ಚ್‌ನಿಂದ ಮೇವರೆಗೆ ಹೂವು ಜೋರು, ಮಳೆಗಾಲದಲ್ಲಿ ಕಡಿಮೆ. ಈಸ್ಟರ್, ಮೇ ತಿಂಗಳ ಮಾತೆಯ ಭಕ್ತಿ, ಮೊದಲ ಪರಮಪ್ರಸಾದ, ಮದುವೆ, ಎಲ್ಲಾ ಬರುದು ಅದೇ ಹೊತ್ತಿಗೆ. ಶಂಕರಪುರ, ಶಿರ್ವ ಕಡೆ ಎಷ್ಟೋ ಕ್ರೈಸ್ತ ಕುಟುಂಬಗಳು ಮಲ್ಲಿಗೆಯಿಂದಲೇ ಮಕ್ಕಳನ್ನು ಓದಿಸಿದ್ದು, ಹಾಗಾಗಿ ನಿಮ್ಮ ಊರಲ್ಲೇ ನನಗಿಂತ ಚೆಂದ ಗೊತ್ತಿರುವ ಅಕ್ಕಂದಿರು ಇರ್ತಾರೆ, ಅವರನ್ನು ಕೇಳಿ ಮಾಡಿ. 25 ಗಿಡ ಸಾಕು, ಗಿಡದಿಂದ ಗಿಡಕ್ಕೆ 5-6 ಅಡಿ, ದಿನವಿಡೀ ಬಿಸಿಲು ಬೀಳುವಲ್ಲಿ, ಬುಡಕ್ಕೆ ಸುಡುಮಣ್ಣು ಹಟ್ಟಿಗೊಬ್ಬರ, ಆಗಾಗ ನೆಲಗಡಲೆ ಹಿಂಡಿ ನೆನೆಸಿದ ನೀರು. ಮೊದಲ ವರ್ಷ ಹೂವು ನಿರೀಕ್ಷೆ ಮಾಡ್ಬೇಡಿ. ಎರಡು ಮೂರು ವರ್ಷ ಆದ್ಮೇಲೆ ಪೀಠಕ್ಕೆ ಬೇಕಾದ್ದು ಇಟ್ಟು ಉಳಿದದ್ದನ್ನು ಮಲ್ಲಿಗೆ ತಗೊಳ್ಳುವ ಕಟ್ಟೆಗೆ ಕೊಟ್ರೆ, 800 ಹೂವಿಗೆ ಒಂದು ಚೆಂಡು, 4 ಚೆಂಡಿಗೆ ಒಂದು ಅಟ್ಟೆ, ಆ ದುಡ್ಡಲ್ಲಿ ತೋಟದ ಆಳಿನ ಸಂಬಳದ ಒಂದು ಭಾಗ ಆದ್ರೂ ಹುಟ್ತದೆ. ಮಳೆ ಶುರುವಾಗುವ ಮೊದಲು ಶೇಕಡಾ 1ರ ಬೋರ್ಡೋ ದ್ರಾವಣ ಹೊಡೀರಿ, ಇಲ್ಲಾಂದ್ರೆ ಎಲೆಚುಕ್ಕೆಗೆ ಗಿಡ ಬೋಳಾಗ್ತದೆ.

ಗರಿಗಳ ಭಾನುವಾರಕ್ಕೆ ತೆಂಗಿನ ತಿರಿ (ಎಳೆ ಗರಿ) ತೆಗೆಯುವಾಗ ಒಂದೇ ಮರದಿಂದ ವರ್ಷಾ ವರ್ಷಾ ತೆಗೀಬೇಡಿ. ತಿರಿ ಕಡಿದ ಮರದ ಬೆಳವಣಿಗೆ ಹಿಂದೆ ಬೀಳ್ತದೆ, ಗಾಯದ ವಾಸನೆಗೆ ಕೆಂಪು ಮೂತಿ ಹುಳ ಬರ್ತದೆ, ಸುಳಿ ತನಕ ಕತ್ತಿ ತಾಗಿದ್ರೆ ಮರವೇ ಹೋಯ್ತು. ಆಶೀರ್ವಾದ ಆದ ಹಳೇ ಗರಿ ಕಾಂಪೋಸ್ಟಿಗೆ ಬೇಡ, ಅದನ್ನು ಮುಂದಿನ ವಿಭೂತಿ ಬುಧವಾರಕ್ಕೆ ಸುಟ್ಟು ಬೂದಿ ಮಾಡ್ಲಿಕ್ಕೆ ತೆಗೆದಿಡುವ ಕ್ರಮ ಹೇಗೂ ಉಂಟಲ್ಲ. ಪೀಠದಿಂದ ಇಳಿಸಿದ ಹೂವು ಮಾತ್ರ ಕಾಂಪೋಸ್ಟಿಗೆ ಬರ್ಲಿ. ಅದು ಆಗ್ಬೇಕಾದ್ರೆ ಹೂವು ಚುಚ್ಚುವ ಆ ಹಸಿರು ಫೋಮ್ ಬಿಡ್ಬೇಕು, ಅದು ಕೊಳೆಯುವ ವಸ್ತುವೇ ಅಲ್ಲ, ಪುಡಿ ಪುಡಿಯಾಗಿ ಮಣ್ಣಲ್ಲೇ ಉಳೀತದೆ. ಅದರ ಬದಲು ಬಾಳೆದಿಂಡು ಇಡಿ, ಹೂವು ಗಟ್ಟಿ ನಿಲ್ತದೆ, ತೇವ ಇರ್ತದೆ, ಆಮೇಲೆ ಹೂವಿನ ಜೊತೆಗೇ ಕಾಂಪೋಸ್ಟ್ ಆಗ್ತದೆ. ಬಾಳೆ ಹೇಗೂ ನೆಡ್ಲೇಬೇಕು, ಹಾಲಿನ ಪಾತ್ರೆ ತೊಳೆಯುವ ನೀರು ಹೋಗುವ ಕಡೆ, ಗಾಳಿ ನೇರ ಹೊಡೆಯದಲ್ಲಿ.

ಇನ್ನು ಮಣ್ಣು. ಚರ್ಚ್ ಹಿಂದಿನ ಜಾಗ ಅಂದ್ರೆ ಕಟ್ಟಡ ಕಟ್ಟುವಾಗಿನ ಸಿಮೆಂಟ್ ತುಂಡು, ಹಂಚಿನ ಚೂರು, ಟೈಲ್ಸ್ ಎಲ್ಲಾ ಹೂತು ಹಾಕಿದ ಜಾಗ ಆಗಿರುದೇ ಹೆಚ್ಚು. ನಾಲ್ಕೈದು ಕಡೆ ಪಿಕ್ಕಾಸು ಹಾಕಿ ಒಂದೂವರೆ ಅಡಿ ತೋಡಿ ನೋಡಿ. ಮುರಕಲ್ಲು ಬೇಗ ಸಿಕ್ಕಿದ್ರೆ ಅಲ್ಲಿ ಏರು ಮಡಿ ಮಾಡಿ, ಮಣ್ಣು ಆಳ ಇದ್ದಲ್ಲಿ ಮರ ನೆಡಿ. ನಮ್ಮ ಕೆಂಪು ಮಣ್ಣು ಮಳೆಗೆ ತೊಳೆದು ತೊಳೆದು ಹುಳಿ ಆಗಿರ್ತದೆ, ತರಕಾರಿಗೆ ಸುಣ್ಣ ಬೇಕೇ ಬೇಕು, ಸೆಂಟ್ಸಿಗೆ 2-3 ಕೆಜಿ, ನೆಡುವ ಎರಡು ಮೂರು ವಾರ ಮೊದಲು, ಗೊಬ್ಬರದ ಜೊತೆ ಒಟ್ಟಿಗೆ ಹಾಕ್ಬೇಡಿ. ಆದ್ರೆ ಸಿಮೆಂಟ್ ಚೂರು ಹೂತ ಕಡೆ ಮೊದಲೇ ಸುಣ್ಣದ ಅಂಶ ಜಾಸ್ತಿ ಇರ್ಬಹುದು, ಅದಕ್ಕೇ ಟೆಸ್ಟ್ ಮಾಡದೆ ಹಾಕ್ಬೇಡಿ ಅಂತ ಹೇಳುದು.

ನೀರಿಗೆ ಬೋರ್‌ವೆಲ್ ಯೋಚನೆ ಮಾಡುವ ಮೊದಲು ಮಾಡಿನ ಮೇಲೆ ನೋಡಿ. ಚರ್ಚಿನ ಮಾಡು 500 ಚದರ ಮೀಟರ್ ಅಂತ ಹಿಡಿಯುವ, 4,000 ಮಿಮೀ ಮಳೆಗೆ 20 ಲಕ್ಷ ಲೀಟರ್, ಹಾಳಾದದ್ದು ಹೋದ್ದು ಕಳೆದ್ರೂ 16 ಲಕ್ಷ. ಮೊದಲ ಒಂದೆರಡು ಮಳೆಯ ನೀರು ಹೊರಗೆ ಬಿಟ್ಟು, ಆಮೇಲಿನದ್ದನ್ನು ಜಲ್ಲಿ, ಮರಳು, ಇದ್ದಿಲು ತುಂಬಿದ ಫಿಲ್ಟರ್ ದಾಟಿಸಿ ತೆರೆದ ಬಾವಿಗೆ ಬಿಡಿ. ಒಂದೇ ವರ್ಷದಲ್ಲಿ ಬಾವಿ ತುಂಬಿ ತುಳುಕ್ತದೆ ಅಂತ ಹೇಳುದಿಲ್ಲ, ಮುರಕಲ್ಲಿನಲ್ಲಿ ನೀರು ಬದಿಗೆ ಹರಿದು ಹೋಗುದೂ ಉಂಟು, ಆದ್ರೆ ಕೆಲವು ಮಳೆಗಾಲ ಸತತ ಮಾಡಿದ ಕಡೆ ಬೇಸಿಗೆಯಲ್ಲಿ ಬಾವಿ ಒಣಗುದು ತಡ ಆಗ್ತದೆ, ಆ ಕೆಲವು ವಾರವೇ ತೋಟಕ್ಕೆ ಜೀವ.

ಸಿಮೆಟ್ರಿ ಬದಿಗೆ ಬರುವ. ಕೆಲವರಿಗೆ ಅಲ್ಲಿ ಗಿಡ ಮರ ಬೇಡ, ಸಿಮೆಂಟ್ ಹಾಕಿ ಕ್ಲೀನ್ ಇಡುವ ಅಂತ ಇರ್ತದೆ. 9ನೇ ಶತಮಾನದ ಶುರುವಿನಲ್ಲಿ ಬರೆದ ಸೇಂಟ್ ಗಾಲ್ ಮಠದ ನಕ್ಷೆ ಈಗಲೂ ಸ್ವಿಟ್ಜರ್ಲೆಂಡಿನಲ್ಲಿ ಉಂಟು. ಅದರಲ್ಲಿ ಔಷಧಿ ಗಿಡಕ್ಕೆ 16 ಮಡಿ, ತರಕಾರಿಗೆ 18 ಮಡಿ, ಮತ್ತೆ ಸಮಾಧಿ ಸ್ಥಳವೇ ಹಣ್ಣಿನ ತೋಟ, ಗೋರಿಗಳ ನಡುವೆ ಸೇಬು, ಪೇರಳೆ ಮರ ನೆಡುವ ಹಾಗೆ ಗುರುತು ಹಾಕಿದ್ದಾರೆ. ಸತ್ತವರು ಮಲಗಿದಲ್ಲಿ ಹೂವು ಹಣ್ಣು ನೆರಳು ಇರ್ಬೇಕು ಅನ್ನುದು ಹಾಗೆ 1,200 ವರ್ಷ ಹಳೇ ಯೋಚನೆ. ನಮ್ಮಲ್ಲಿ ಗೋರಿ ಹತ್ತಿರ ಹತ್ತಿರ ಇರ್ತದೆ, ಹಾಗಾಗಿ ಒಳಗೆ ದೇವಕಣಗಿಲೆಯಂಥ ಸಣ್ಣ ಮರ, ಕಾಂಪೌಂಡಿನ ಬದಿಗೆ ರೆಂಜೆ (ಬಕುಲ). ರೆಂಜೆ ನಿಧಾನ ಬೆಳೀತದೆ, ಆದ್ರೆ ವರ್ಷವಿಡೀ ಹಸಿರು, ಗಟ್ಟಿ ನೆರಳು, ಬೆಳಿಗ್ಗೆ ಬುಡದಲ್ಲಿ ಬಿದ್ದ ಹೂವಿನ ಪರಿಮಳ ಒಣಗಿದ ಮೇಲೂ ಹೋಗುದಿಲ್ಲ. ಅಶ್ವತ್ಥ, ಗೋಳಿ, ಅತ್ತಿ ಇಂಥ ಮರಗಳ ಬೇರು ಗೋರಿಗೂ ಗೋಡೆಗೂ ನುಗ್ತದೆ, ಅವನ್ನು ದೂರ ಇಡಿ. ಸಿಮೆಟ್ರಿಯಿಂದ ಇಳಿಜಾರಿನ ಕೆಳಗೆ ತರಕಾರಿ ಬೇಡ, ಅಲ್ಲಿ ಹೂವಿನ ಗಿಡ ಮಾತ್ರ. ನವೆಂಬರ್ 2ರ ಮರುದಿನ ಮೇಣದ ತುಂಡು, ಪ್ಲಾಸ್ಟಿಕ್ ಹಾರ ಬೇರೆ ಮಾಡಿ, ಆಮೇಲೆ ಹೂವು ಕಾಂಪೋಸ್ಟಿಗೆ.

ಇನ್ನೊಂದು ಜಾಗ ಉಂಟು, ಕೆಲಸದವರಿಗೆ ಗೊತ್ತಿರುದಿಲ್ಲ, ನೀವೇ ತೋರಿಸ್ಬೇಕು. ಹಳೇ ಚರ್ಚ್ ಆದ್ರೆ ಸಾಕ್ರಿಸ್ತಿಯ (ಪೂಜೆಯ ಸಾಮಾನು ಇಡುವ ಕೋಣೆಯ) ಒಳಗೆ ಪೂಜಾ ಪಾತ್ರೆ, ಬಟ್ಟೆ ತೊಳೆದ ನೀರು ಬಿಡುವ ಒಂದು ಸಣ್ಣ ತೊಟ್ಟಿ ಇರ್ತದೆ, ಅದರ ಪೈಪ್ ಚರಂಡಿಗೆ ಹೋಗುದಿಲ್ಲ, ನೇರ ಮಣ್ಣಿಗೆ ಇಳೀತದೆ. ಗೋಡೆಯ ಹೊರಗೆ ಅದು ಇಳಿಯುವ ಜಾಗ ಯಾವುದು ಅಂತ ಫಾದರ್ ಹತ್ರ ಅಥವಾ ಹಳೇ ಸಾಕ್ರಿಸ್ತನ್ ಹತ್ರ ಕೇಳಿ ಗುರುತು ಮಾಡಿ. ಅಲ್ಲಿ ಅಗೀಬೇಡಿ, ನಡೆಯುವ ದಾರಿ ಮಾಡ್ಬೇಡಿ. ನಂದಿಬಟ್ಟಲಿನಂಥ ಒಂದು ಬಿಳಿ ಹೂವಿನ ಪೊದೆ ನೆಟ್ಟು ಬಿಟ್ಟುಬಿಡಿ, ಗೌರವವೂ ಉಳೀತದೆ, ಯಾರೂ ತುಳಿಯುದೂ ಇಲ್ಲ.

ಕೊನೆಗೆ ಮನುಷ್ಯರ ವಿಷಯ, ನಿಮ್ಮ ಹಳೇ ಗಾರ್ಡನ್ ಸತ್ತದ್ದು ಇಲ್ಲೇ ಅಂತ ನನ್ನ ಅಂದಾಜು. ಗಿಡದ ಆಸಕ್ತಿ ಇರುವ ಫಾದರ್ ಬಂದಾಗ ತೋಟ ಏಳ್ತದೆ, ಅವರಿಗೆ ವರ್ಗಾವಣೆ ಆದಾಗ ಬೀಳ್ತದೆ. ಹಾಗಾಗಿ ತೋಟ ಯಾರ ಹೆಸರಲ್ಲೂ ಇರ್ಬಾರ್ದು, ಪಾಲನಾ ಮಂಡಳಿಯ ನಿರ್ಣಯ ಪುಸ್ತಕದಲ್ಲಿ ಇರ್ಬೇಕು, ಎಷ್ಟು ಜಾಗ, ಯಾವ ಬಜೆಟ್, ಯಾರು ಜವಾಬ್ದಾರಿ ಅಂತ ಬರೆದು. ವಾರ್ಡಿಗೆ ಒಂದೊಂದು ಮಡಿ ಕೊಟ್ಟು ವಾರ್ಡಿನ ಮುಖಂಡರಾದ ಗುರಿಕಾರರನ್ನು ಹಿಡಿಯಿರಿ. ಆದ್ರೆ ಬರೀ ಸ್ವಯಂಸೇವೆಯಲ್ಲಿ ನಡೀತದೆ ಅಂತ ನಂಬ್ಬೇಡಿ, ಪರೀಕ್ಷೆ ಟೈಮಲ್ಲಿ ಯುವಜನರು ಬರುದಿಲ್ಲ, ಅದು ಸಹಜ. ಡಿಸೆಂಬರ್‌ನಿಂದ ಮೇವರೆಗೆ ಬೆಳಗ್ಗಿನ ಹೊತ್ತು ದಿನಾ ಎರಡು ಗಂಟೆಯ ಕೆಲಸಕ್ಕೆ ಸಂಬಳ ಕೊಟ್ಟು ಒಬ್ಬರನ್ನು ಇಡಿ, ಫೌಂಟೇನಿಗೆ ಇಟ್ಟ ದುಡ್ಡು ಅದಕ್ಕೆ ಹಾಕಿ. ಮಂಡಳಿಯಲ್ಲಿ ಇದೆಲ್ಲಾ ಚರ್ಚಿನ ಕೆಲಸವಾ ಅಂತ ಯಾರಾದ್ರೂ ಕೇಳಿದ್ರೆ, 2015ರಲ್ಲಿ ಪೋಪ್ ಫ್ರಾನ್ಸಿಸ್ ಲೌದಾತೊ ಸಿ ವಿಶ್ವಪತ್ರ ಬರೆದದ್ದೇ ಭೂಮಿಯ ಆರೈಕೆ ಬಗ್ಗೆ, ಅದೇ ವರ್ಷದಿಂದ ಸೆಪ್ಟೆಂಬರ್ 1 ಸೃಷ್ಟಿಗಾಗಿ ಪ್ರಾರ್ಥನೆಯ ದಿನ ಅಂತ ಹೇಳಿ, ಅದು ನಮ್ಮ ಮೊಂತಿ ನೊವೆನಾದ ನಡುವೆಯೇ ಬರ್ತದೆ. ನೊವೆನಾ ಶುರುವಾಗುವ ಆಗಸ್ಟ್ 30 ತೋಟಗಾರರ ಪಾಲಕ ಸಂತ ಫಿಯಾಕ್ರರ ಹಬ್ಬ, 7ನೇ ಶತಮಾನದಲ್ಲಿ ಐರ್ಲೆಂಡಿನಿಂದ ಫ್ರಾನ್ಸಿಗೆ ಹೋಗಿ ತರಕಾರಿ, ಔಷಧಿ ಗಿಡ ಬೆಳೆಸಿ ಬಂದವರಿಗೆ ಕೊಡ್ತಿದ್ದ ಸನ್ಯಾಸಿ ಅವರು.

ಮೊದಲು ಮಾಡ್ಬೇಕಾದ್ದು ಇಷ್ಟು. ನಾಲ್ಕೈದು ಕಡೆಯ ಮಣ್ಣು ಸೇರಿಸಿ ಅರ್ಧ ಕೆಜಿ, ನೆರಳಲ್ಲಿ ಒಣಗಿಸಿ, ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ ಟೆಸ್ಟಿಗೆ ಕೊಡಿ. ಸಿಮೆಂಟ್ ಚೂರು ಸಿಕ್ಕಿದ ಕಡೆಯದ್ದನ್ನು ಬೇರೆ ತೊಟ್ಟೆಯಲ್ಲಿ ಹಾಕಿ ಹೆಸರು ಬರೆಯಿರಿ. ರಿಪೋರ್ಟ್ ಏಪ್ರಿಲ್ ಒಳಗೆ ಕೈಗೆ ಬಂದ್ರೆ ಸುಣ್ಣ ಹಾಕ್ಲಿಕ್ಕೆ, ಮಡಿ ಏರಿಸ್ಲಿಕ್ಕೆ, ಮಾಡಿನ ಪೈಪ್ ಬಾವಿಗೆ ತಿರುಗಿಸ್ಲಿಕ್ಕೆ ಸಮಯ ಸಿಗ್ತದೆ. ಮೇ ಮೂರನೇ ವಾರ ನೇಜಿ. ಮೊದಲ ವರ್ಷ ಪೂರ್ತಿ 25 ಸೆಂಟ್ಸಿಗೆ ಕೈ ಹಾಕ್ಬೇಡಿ, ಬೇಲಿ ಸಾಲು, ಅರ್ಧ ಸೆಂಟ್ಸ್ ಭತ್ತ, ನಾಲ್ಕು ಮಡಿ ಹೂವು, ಎರಡು ಚಪ್ಪರ ಇಷ್ಟೇ ಮಾಡಿ, ಮಲ್ಲಿಗೆ ಮತ್ತು ರೆಂಜೆ ಗುಂಡಿಯನ್ನು ಈ ವರ್ಷವೇ ತೋಡಿ ತರಗೆಲೆ, ಹಟ್ಟಿಗೊಬ್ಬರ ತುಂಬಿಸಿ ಬಿಟ್ರೆ ಮಳೆ ಬಂದ ಕೂಡಲೇ ನೆಡ್ಲಿಕ್ಕೆ ಆಗ್ತದೆ. ವಾರ್ಷಿಕ ಹಬ್ಬದ ತಾರೀಕು ಮತ್ತು ಮಣ್ಣಿನ ರಿಪೋರ್ಟ್ ಕಳಿಸಿದ್ರೆ ಯಾವ ಮಡಿಗೆ ಯಾವ ದಿನ ಬೀಜ ಅಂತ ಬರೆದು ಕೊಡ್ತೇನೆ.